ಸೋತವನ ಕಡೆಯಿಂದಲೂ ಓದಿಸು

ವಿಜಯಪುರದ ಸೈನಿಕ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ಕೆಲಸ ಸಿಕ್ಕಿತೆಂದು ನೀನು ಫೋನು ಮಾಡಿ ಹೇಳಿದಾಗಿನಿಂದ, ಹೊರಡುವ ಮೊದಲು ನಿನಗೆ ಏನು ಹೇಳಬೇಕು ಎಂದು ಯೋಚಿಸುತ್ತಲೇ ಇದ್ದೇನೆ, ಮಗಳೇ. ಪಾಠ ಮಾಡುವುದು ನಿನಗೆ ಹೊಸದಲ್ಲ. ಭದ್ರಾವತಿಯಲ್ಲಿ ಎಂಥೆಂಥ ಗದ್ದಲದ ತರಗತಿಗಳನ್ನು ಹಿಡಿದು ಕೂರಿಸಿದವಳು ನೀನು. ಆದರೆ ಇನ್ನು ಮುಂದೆ ನಿನ್ನೆದುರು ಕೂರುವ ಮಕ್ಕಳಲ್ಲಿ ಕೆಲವರು ನಾಳೆ ಬಂದೂಕು ಹಿಡಿಯುವವರು. ಬಂದೂಕು ಹಿಡಿದ ನೂರು ಜನಕ್ಕೆ ಅಪ್ಪಣೆ ಕೊಡುವವರು. ಅಂಥವರಿಗೆ ಕಾವ್ಯ ಯಾಕೆ ಬೇಕು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರು ಕೇಳುವ ಮೊದಲು ನಿನ್ನ ಉತ್ತರ ನಿನಗೆ ಗೊತ್ತಿರಲಿ.

ಆಗಸ್ಟ್ 15, ಕಾರ್ಗಿಲ್ ದಿನ, ವಿಜಯ ದಿವಸ ಬಂದಾಗಲೆಲ್ಲ ಹುರುಪು ತುಂಬುವ ಪದ್ಯ ಹೇಳಿಕೊಡಿ ಮೇಡಂ ಅನ್ನುತ್ತಾರೆ. ಹೇಳಿಕೊಡು, ಮನಸ್ಸಿಟ್ಟು ಹೇಳಿಕೊಡು. ನಾಡಿಗಾಗಿ ಜೀವ ಕೊಟ್ಟವರನ್ನು ನೆನೆಯುವುದು ಸಣ್ಣ ಕೆಲಸವಲ್ಲ. ಆದರೆ ನಿನ್ನ ಕೆಲಸ ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡ. ಆ ಆವರಣದಲ್ಲಿ ಬೆಳಗಿನ ಪಿ.ಟಿ.ಯಿಂದ ಹಿಡಿದು ರಾತ್ರಿ ಹಾಸಿಗೆ ಮಡಿಕೆ ಸರಿಮಾಡುವವರೆಗೆ ಎಲ್ಲವೂ ಧೈರ್ಯ ಮತ್ತು ಶಿಸ್ತನ್ನೇ ಕಲಿಸುತ್ತದೆ. ಗೆಲ್ಲುವುದು ಹೇಗೆಂದು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಸೋತವನಿಗೆ ಏನಾಗುತ್ತದೆ, ಎದುರು ಬಣದಲ್ಲಿ ಸತ್ತವನು ಯಾರ ಮಗ ಎಂದು ಕೇಳುವ ಜಾಗ ನಿನ್ನ ತರಗತಿಯೊಂದೇ. ಅದನ್ನು ಬಿಟ್ಟುಕೊಡಬೇಡ.

ಅದಕ್ಕೆ ನಿನಗೆ ರನ್ನನಿದ್ದಾನೆ. ಅವನ ಊರು ಮುಧೋಳ, ನೀನು ಹೋಗುತ್ತಿರುವ ಸೀಮೆಯದೇ. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಮುಧೋಳ ವಿಜಯಪುರ ಜಿಲ್ಲೆಯಲ್ಲೇ ಇತ್ತು. ಸಾವಿರ ವರ್ಷದ ಹಿಂದೆ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ 'ಗದಾಯುದ್ಧ'ದಲ್ಲಿ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಹಾಗಾಗಿ ಕಾವ್ಯದಲ್ಲಿ ಗೆಲುವು ಭೀಮನದು. ಆದರೆ ಓದಿ ಮುಗಿಸಿದ ಮೇಲೆ ನಮ್ಮ ಎದೆಯಲ್ಲಿ ಉಳಿಯುವವನು ದುರ್ಯೋಧನ. ಒಡೆಯನ ಅನ್ನ ಉಂಡೂ ಎದುರಾಳಿಯ ದುಃಖವನ್ನು ಇಷ್ಟು ದೊಡ್ಡದಾಗಿ ಬರೆದ ಕವಿಯ ಎದೆಗಾರಿಕೆಯನ್ನು ಮಕ್ಕಳಿಗೆ ಮೊದಲು ಹೇಳು.

ಆಮೇಲೆ ಆ ಒಂದು ನಡಿಗೆಯನ್ನು ನಿಧಾನವಾಗಿ ಓದಿಸು. ಸಂಜಯನ ಜೊತೆ ದುರ್ಯೋಧನ ರಣರಂಗದಲ್ಲಿ ನಡೆದು ಬರುತ್ತಾನೆ. ಬಿದ್ದ ಆನೆಗಳು, ಮುರಿದ ರಥಗಳು, ಕಾಲಿಗೆ ತೊಡರುವ ಹೆಣಗಳು. ದ್ರೋಣರನ್ನು ನೋಡುತ್ತಾನೆ. ಅಭಿಮನ್ಯುವನ್ನು ನೋಡಿ ನಿಲ್ಲುತ್ತಾನೆ. ತನ್ನ ಕಡೆಯವರೇ ಸುತ್ತುವರಿದು ಕೊಂದ ವೈರಿಯ ಮಗ ಅವನು. ಅವನನ್ನು ಬಾಯ್ತುಂಬ ಹೊಗಳಿ, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಮುಂದೆ ಅವನ ಸ್ವಂತ ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ಅಪ್ಪನಿಗೆ ಮಗ ಮಾಡಬೇಕಾದ ಕರ್ಮವನ್ನು ಮಗನಿಗೆ ಅಪ್ಪ ಮಾಡುವಂತಾಯಿತಲ್ಲ ಎಂದು ಅಲ್ಲಿ ಮರುಗುತ್ತಾನೆ. ಆಮೇಲೆ ದುಶ್ಶಾಸನ, ಆಮೇಲೆ ಕರ್ಣ. ಒಬ್ಬ ಸೇನಾನಾಯಕ ತನ್ನ ಅಪ್ಪಣೆಯಿಂದ ಸತ್ತವರ ನಡುವೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತ ನಡೆಯುವುದನ್ನು ನಮ್ಮ ಭಾಷೆಯಲ್ಲಿ ಇದಕ್ಕಿಂತ ಚೆನ್ನಾಗಿ ಯಾರು ಬರೆದಿದ್ದಾರೆ? ಮುಂದೆ ಅಪ್ಪಣೆ ಕೊಡುವ ಹುಡುಗ ಅಥವಾ ಹುಡುಗಿ ಹದಿನಾರನೆಯ ವಯಸ್ಸಿನಲ್ಲಿ ಒಮ್ಮೆಯಾದರೂ ದುರ್ಯೋಧನನ ಜೊತೆ ಆ ದಾರಿ ನಡೆದಿರಬೇಕು. ಈ ಮಾತನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಇಲ್ಲಿ ತ್ಯಾವರೆಕೊಪ್ಪದಲ್ಲಿ ನಸುಕಿನಲ್ಲಿ ಸಾಗರ ರಸ್ತೆಯ ಅಂಚಿನಲ್ಲಿ ಹುಡುಗರು ಓಡುತ್ತಾರೆ. ನೀನೂ ನೋಡಿದ್ದೀಯ. ಅಗ್ನಿವೀರ ಭರ್ತಿಗೆ 1.6 ಕಿಲೋಮೀಟರ್ ಓಟದ ತಯಾರಿ. ಸಫಾರಿಯ ಕಡೆಯಿಂದ ಸಿಂಹದ ಕೂಗು ಕೇಳಿದರೂ ತಲೆ ತಿರುಗಿಸುವುದಿಲ್ಲ, ಕಣ್ಣೆಲ್ಲ ಕೈಗಡಿಯಾರದ ಮೇಲೆ. ಭದ್ರಾವತಿಯ ಬುಳ್ಳಾಪುರದಲ್ಲಿ 2021ರಲ್ಲಿ ಕ್ಷಿಪ್ರ ಕಾರ್ಯಪಡೆಯ ಘಟಕಕ್ಕೆ ಅಡಿಗಲ್ಲು ಹಾಕಿದ ಮೇಲೆ ಸಮವಸ್ತ್ರದ ಆಸೆ ಈ ಕಡೆಯ ಮನೆಗಳಲ್ಲಿ ಇನ್ನಷ್ಟು ಹೆಚ್ಚಾಗಿದೆ. ಅವರಲ್ಲಿ ಕೆಲವರು ಸಂಜೆ ನಮ್ಮ ಜಗಲಿಗೆ ಬಂದು ಕೂರುತ್ತಾರೆ, ಅರ್ಜಿ ತುಂಬಿಸಿಕೊಳ್ಳುವ ನೆಪದಲ್ಲಿ. ಒಮ್ಮೆ ಅವರಿಗೆ ಅಭಿಮನ್ಯುವಿನ ಆ ಭಾಗ ಹೇಳಿದೆ. ಒಬ್ಬ ಬಹಳ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಅಷ್ಟು ಜನ ಸೇರಿ ಒಬ್ಬನನ್ನ ಹೊಡೆದಿದ್ದು ತಪ್ಪು ಅಂತ ದುರ್ಯೋಧನಂಗೆ ಆಗ ಗೊತ್ತಾಯ್ತಾ?" ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಅವರವರಲ್ಲೇ ಚರ್ಚೆ ಹತ್ತಿತು, ಕತ್ತಲಾದರೂ ಏಳಲಿಲ್ಲ. ನೀನೂ ಅಂಥ ಪ್ರಶ್ನೆಗೆ ಅವಸರದಲ್ಲಿ ಉತ್ತರ ಬರೆಸಬೇಡ.

ಆ ಹುಡುಗ ಕೇಳಿದ್ದು ಯುದ್ಧದ ಕಟ್ಟುಪಾಡಿನ ಪ್ರಶ್ನೆ. ಗದಾಯುದ್ಧ ಮುಗಿಯುವುದೂ ಅದರಲ್ಲೇ. ತೊಡೆಗೆ ಹೊಡೆಯಬಾರದು ಎಂಬ ನಿಯಮ ಮುರಿದೇ ಭೀಮ ಗೆದ್ದ. ನಿನ್ನ ಮಕ್ಕಳು ಮುಂದೆ 1949ರ ಜಿನೀವಾ ಒಪ್ಪಂದಗಳನ್ನು ಪಾಠವಾಗಿ ಓದುತ್ತಾರೆ: ಗಾಯಗೊಂಡವನನ್ನು, ಶರಣಾದವನನ್ನು, ಸೆರೆ ಸಿಕ್ಕವನನ್ನು ಹೇಗೆ ನಡೆಸಿಕೊಳ್ಳಬೇಕು ಎಂದು. ನಮ್ಮ ದೇಶ ಅದಕ್ಕಾಗಿ 1960ರಲ್ಲಿ ಕಾನೂನನ್ನೂ ಮಾಡಿದೆ. ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಬಹುದು. ಆದರೆ ಸಿಟ್ಟು ನೆತ್ತಿಗೇರಿದಾಗ, ಜೊತೆಗಾರ ಕಣ್ಣೆದುರೇ ಬಿದ್ದಾಗ, ಕಲಮು ನೆನಪಿಗೆ ಬರುವುದು ಕಷ್ಟ. ಭೀಮನ ಸಿಟ್ಟಿಗೆ ಕಾರಣವಿತ್ತು, ದ್ರೌಪದಿಗಾದ ಅವಮಾನವಿತ್ತು, ಆದರೂ ಆ ಹೊಡೆತ ನಮ್ಮನ್ನು ಕೊರೆಯುತ್ತದೆ. ಆ ಕೊರೆತವನ್ನು ಮಕ್ಕಳು ಅನುಭವಿಸಲಿ.

ಇನ್ನು ಭಯದ ವಿಷಯ. ಸೈನಿಕ ಶಾಲೆಗೆ ಆರನೆಯ ತರಗತಿಗೇ ಮಕ್ಕಳು ಬರುತ್ತಾರೆ, ಹತ್ತು ಹನ್ನೆರಡರ ವಯಸ್ಸು. ಮೊದಲ ತಿಂಗಳು ರಾತ್ರಿ ಹೊದಿಕೆಯೊಳಗೆ ಅಳುತ್ತಾರೆ, ಬೆಳಿಗ್ಗೆ ಅತ್ತಿಲ್ಲ ಅನ್ನುತ್ತಾರೆ. ಅವರಿಗೆ ಕುಮಾರವ್ಯಾಸನ ಉತ್ತರಕುಮಾರನನ್ನು ಕೊಡು. ಹೆಂಗಳೆಯರ ಮುಂದೆ ಕೊಚ್ಚಿಕೊಂಡು, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದವನು. ಎಲ್ಲರೂ ಅವನನ್ನು ನಗೆಪಾಟಲು ಮಾಡಿ ಪಾಠ ಮುಗಿಸುತ್ತಾರೆ. ನೀನು ಆಮೇಲಿನದ್ದನ್ನು ತೋರಿಸು. ಬೃಹನ್ನಳೆಯ ವೇಷದ ಅರ್ಜುನ ಅವನ ಬೆನ್ನಟ್ಟಿ ಹಿಡಿದ, ಸಮಾಧಾನ ಹೇಳಿದ, ಹೋರಾಡುವ ಹೊರೆ ತಾನು ಹೊತ್ತು ಅವನ ಕೈಗೆ ಕುದುರೆಯ ಲಗಾಮು ಕೊಟ್ಟ. ಹೆದರಿದವನನ್ನು ಬೈದು ಅಟ್ಟದೆ, ಅವನಿಂದ ಆಗುವ ಕೆಲಸವೊಂದನ್ನು ಹುಡುಕಿ ಕೊಟ್ಟ. ಒಳ್ಳೆಯ ಅಧಿಕಾರಿಯ ಗುಣವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕೈಪಿಡಿ ಹೇಳೀತು?

ಕುಮಾರವ್ಯಾಸನನ್ನು ಬರೀ ಕಣ್ಣಿನಿಂದ ಓದಿಸಬೇಡ, ಹಾಡಿಸು. ಹೊಸಹಳ್ಳಿ ನಮಗೆ ಎಷ್ಟು ದೂರ? ತುಂಗೆಯ ದಡದ ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹೊರಡುವ ಮೊದಲು ಅಲ್ಲಿಗೆ ಹೋಗಿ ಒಂದಿಷ್ಟು ಗಮಕ ಕೇಳಿಕೊಂಡು ಬಾ. ನಸುಕಿನಲ್ಲೆದ್ದು ಓಡಿ ಬಂದ ಮಕ್ಕಳಿಗೆ ಬೆಚ್ಚಗಿನ ತರಗತಿಯಲ್ಲಿ ಕಣ್ಣು ಎಳೆಯುತ್ತದೆ, ಅದು ಅವರ ತಪ್ಪಲ್ಲ. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ಲಯ ಕಿವಿಗೆ ಬಿದ್ದರೆ ಎಚ್ಚರಾಗುತ್ತಾರೆ. ಕವಾಯತಿನ ಎಡ-ಬಲಕ್ಕೆ ಒಗ್ಗಿದ ಕಾಲು ಈ ಬೇರೆ ನಡೆಯನ್ನು ಹಿಡಿಯಲು ತಡವರಿಸುವುದೂ ಅವರಿಗೆ ಖುಷಿ ಕೊಡುತ್ತದೆ.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳಕ್ಕೂ ಹೋಗಿ ವೀರಗಲ್ಲುಗಳ ಫೋಟೋ ತೆಗೆದುಕೋ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು. ಇಂಥ ಎಷ್ಟೋ ಕಲ್ಲುಗಳು ನಿಂತದ್ದು ತುರು ಬಿಡಿಸಲು, ಊರು ಕಾಯಲು ಹೋಗಿ ಸತ್ತ ಸಾಮಾನ್ಯರಿಗಾಗಿ. ಸಣ್ಣ ಮಕ್ಕಳಿಗೆ ಆತಕೂರಿನ ಕಲ್ಲಿನ ಕಥೆ ಹೇಳು, ಆ ಕಲ್ಲು ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಅವನ ಒಡೆಯ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು, ಅದಕ್ಕೂ ಕಲ್ಲು ನಿಂತಿತು. ಮುಧೋಳದ ನಾಯಿಮರಿಗಳನ್ನು 2016ರಲ್ಲಿ ಸೇನೆಯವರು ತರಬೇತಿಗೆಂದು ಮೀರತ್‌ಗೆ ಒಯ್ದದ್ದನ್ನೂ ಅದಕ್ಕೆ ಸೇರಿಸಿ ಹೇಳು.

ನೀನು ಹೋಗುತ್ತಿರುವ ಶಾಲೆ ಶುರುವಾದದ್ದು 1963ರಲ್ಲಿ. ಅಲ್ಲಿನ ವಿದ್ಯಾರ್ಥಿ ನಿಲಯಗಳಿಗೆ ರಾಷ್ಟ್ರಕೂಟ, ಚಾಲುಕ್ಯ, ಹೊಯ್ಸಳ ಎಂಬಂಥ ಹೆಸರುಗಳಿವೆ. ರಾಷ್ಟ್ರಕೂಟ ನಿಲಯದ ಹುಡುಗನಿಗೆ ಅಮೋಘವರ್ಷನ ಆಸ್ಥಾನದಲ್ಲೇ ನಮಗೆ ಸಿಕ್ಕ ಮೊದಲ ಕನ್ನಡ ಗ್ರಂಥ 'ಕವಿರಾಜಮಾರ್ಗ' ಹುಟ್ಟಿತೆಂದು ಗೊತ್ತಿರಲಿ. ಪಂಪ ಸ್ವತಃ ಯೋಧ ಎಂದು, ಗಂಗರ ದಂಡನಾಯಕ ಚಾವುಂಡರಾಯ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದ ಎಂದು ಗೊತ್ತಿರಲಿ. ಕತ್ತಿಗೂ ಲೇಖನಿಗೂ ನಮ್ಮಲ್ಲಿ ವೈರವಿರಲಿಲ್ಲ. ನಮ್ಮ ತೀರ್ಥಹಳ್ಳಿಯ ಕುವೆಂಪು ಇಪ್ಪತ್ತಾರರ ವಯಸ್ಸಿನಲ್ಲಿ, 1931ರಲ್ಲಿ, 'ಸ್ಮಶಾನ ಕುರುಕ್ಷೇತ್ರಂ' ನಾಟಕ ಪ್ರಕಟಿಸಿದರು. ಕಾಳಗ ಮುಗಿದ ಮೇಲಿನ ರಣರಂಗವೇ ಅದರ ವಸ್ತು. ದೊಡ್ಡ ಮಕ್ಕಳಿಂದ ಅದನ್ನು ಆಡಿಸು. ಸೈನಿಕ ಶಾಲೆಯಲ್ಲಿ ಇಂಥ ನಾಟಕವೇ ಎಂದು ಯಾರಾದರೂ ಹುಬ್ಬೇರಿಸಿದರೆ ಹೆದರಬೇಡ, ನಿಧಾನವಾಗಿ ವಿವರಿಸು.

ಅಂಥವರಿಗೆ ಹೊರಗಿನ ಉದಾಹರಣೆಯೂ ಇರಲಿ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಸಾಹಿತ್ಯ ಕಲಿಸುವ ಎಲಿಜಬೆತ್ ಸ್ಯಾಮೆಟ್ 2007ರಲ್ಲಿ ಆ ಅನುಭವವನ್ನೇ ಪುಸ್ತಕ ಮಾಡಿದರು. ಯುದ್ಧಭೂಮಿಗೆ ಹೋದ ಹಳೆಯ ವಿದ್ಯಾರ್ಥಿಗಳು ಅಲ್ಲಿಂದ ಅವರಿಗೆ ಓದಿನ ಬಗ್ಗೆ ಬರೆಯುತ್ತಿದ್ದರು. ವಿಯೆಟ್ನಾಂನಿಂದ ಮನಸ್ಸು ಮುರಿದು ಬಂದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಜೊನಾಥನ್ ಶೇ, ಅವರು ಹೇಳಿಕೊಂಡ ಸಿಟ್ಟು, ನಂಬಿಕೆದ್ರೋಹ, ಗೆಳೆಯನನ್ನು ಕಳೆದುಕೊಂಡ ಸಂಕಟ ಎಲ್ಲವನ್ನೂ ಹೋಮರನ ಅಕಿಲೀಸನಲ್ಲಿ ಕಂಡು 1994ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ನಮ್ಮ ಸೈನಿಕರಿಗೂ ಆ ಸಂಕಟವಿದೆ. ಅದನ್ನು ಹೇಳಿಕೊಳ್ಳಲು ಬೇಕಾದ ಮಾತು ಚಿಕ್ಕಂದಿನಲ್ಲೇ ಸಿಗಬೇಕು, ತಾಯ್ನುಡಿಯಲ್ಲಿ ಸಿಗಬೇಕು. ಖಡಕ್‌ವಾಸ್ಲಾದ ರಕ್ಷಣಾ ಅಕಾಡೆಮಿಗೆ ಹೋದ ಮೇಲೆ ಅವರಿಗೆ ಕನ್ನಡ ಪಾಠ ಹೇಳುವವರು ಸಿಗುವುದಿಲ್ಲ.

ಎಸ್‌ಎಸ್‌ಬಿ ಸಂದರ್ಶನದ ಮಾತು ಬಂದೇ ಬರುತ್ತದೆ. ಅಲ್ಲಿ ಮೂವತ್ತು ಸೆಕೆಂಡು ಒಂದು ಚಿತ್ರ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಸುತ್ತಾರೆ. ಇಂಥ ಹನ್ನೆರಡು ಚಿತ್ರಗಳಲ್ಲಿ ಕೊನೆಯದು ಖಾಲಿ ಪರದೆ. ಸೇನೆಗೆ ಅಧಿಕಾರಿಯನ್ನು ಆರಿಸುವವರು ಕಥೆ ಬರೆಸುತ್ತಾರೆ ಎಂದರೆ ಯೋಚಿಸು. ಕೋಚಿಂಗ್‌ನವರು ಸಿದ್ಧ ಕಥೆಗಳನ್ನು ಉರು ಹೊಡೆಸುತ್ತಾರೆ. ಎಲ್ಲ ಕಥೆಯಲ್ಲೂ ಒಬ್ಬ ನಾಯಕ, ಒಂದು ಪ್ರವಾಹ, ಒಂದು ಪದಕ. ನೀನು ವರ್ಷವಿಡೀ ಮಾಸ್ತಿಯವರ, ತೇಜಸ್ವಿಯವರ ಕಥೆ ಓದಿಸು. ಖಾಲಿ ಪರದೆಯ ಮುಂದೆ ಕೂತಾಗ ಅವರ ಒಳಗೆ ನಿಜವಾದ ಜನ ಓಡಾಡುತ್ತಿರುತ್ತಾರೆ.

ಇನ್ನೊಂದೇ ಮಾತು. ಹನ್ನೆರಡನೆಯ ತರಗತಿಯವರು ಬೀಳ್ಕೊಡುಗೆಗೆ ಮುಂಚೆ ಒಂದು ಪತ್ರ ಬರೆಯಲಿ. ಸಂದರ್ಭ ಇದು: ತನ್ನ ತುಕಡಿಯ ಒಬ್ಬ ಜವಾನ ತೀರಿಹೋಗಿದ್ದಾನೆ, ಅವನ ತಾಯಿ ಸೊರಬದ ಒಂದು ಹಳ್ಳಿಯಲ್ಲಿದ್ದಾಳೆ, ಅವಳಿಗೆ ಕನ್ನಡ ಬಿಟ್ಟು ಬೇರೆ ಬಾರದು. ಪತ್ರ ಅವಳಿಗೆ. ಅಧಿಕಾರಿಗಳಿಗೆ ಇಂಥ ಪತ್ರ ಬರೆಯುವ ದಿನ ಬರುತ್ತದೆ. 'ವೀರಮರಣ', 'ತುಂಬಲಾರದ ನಷ್ಟ' ಎಂದು ಬರೆದು ಮುಗಿಸಿದರೆ ಹಾಳೆ ವಾಪಸು ಕೊಡು. ಹುಡುಗ ಏನು ತಿನ್ನುತ್ತಿದ್ದ, ಯಾರ ಜೊತೆ ನಗುತ್ತಿದ್ದ, ಕೊನೆಯ ದಿನ ಏನು ಮಾಡುತ್ತಿದ್ದ ಎಂದು ಕಲ್ಪಿಸಿ ಬರೆಯಲು ಹೇಳು. ಕಾಗುಣಿತದ ತಪ್ಪಿಗೆ ಆ ಒಂದು ಪತ್ರದಲ್ಲಿ ಅಂಕ ಕಳೆಯಬೇಡ. ಎರಡನೆಯ ಸಲವೂ ಸರಿಬರದಿದ್ದರೆ ಮೂರನೆಯ ಸಲ ಬರೆಸು.