ಕಾರ್ಖಾನೆಗಳ ಕೊಳೆನೀರನ್ನು ಪರೀಕ್ಷಿಸುವ ಬಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಈ ಸಂಚಿಕೆಯ ಮೂಲಕ ಒಂದು ಪಾಠವನ್ನು ಒಪ್ಪಿಸಲಿಚ್ಛಿಸುತ್ತೇವೆ. ಇದನ್ನು ನಾವು ಮೊದಲು ತಪ್ಪಾಗಿ ಕಲಿಸಿ, ಆಮೇಲೆ ತಿದ್ದಿಕೊಂಡೆವು.

ಕೆಲವು ವರ್ಷಗಳ ಕೆಳಗೆ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಒಂದು ಅಕ್ಕಿಯ ಗಿರಣಿಯ ಕೆಳಗಿನ ಹಳ್ಳಕ್ಕೆ ಹೋಗಿದ್ದೆವು. ಆ ಗಿರಣಿಯಲ್ಲಿ ಭತ್ತವನ್ನು ತೊಟ್ಟಿಗಳಲ್ಲಿ ನೆನೆಯಿಸಿ ಕುಸುಬಲಕ್ಕಿಯನ್ನು ಮಾಡುತ್ತಿದ್ದರು. ಮಧ್ಯಾಹ್ನದಲ್ಲಿ ಒಂದು ಸೀಸೆಯ ತುಂಬ ನೀರನ್ನು ತಂದು ನೋಡಲಾಗಿ, ಅದು ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ. “ಗಿರಣಿಯಿಂದ ಈ ಹಳ್ಳಕ್ಕೆ ಕೇಡಿಲ್ಲ” ಎಂದು ಕರಿಹಲಗೆಯ ಮೇಲೆ ಬರೆದೆವು. ಆಗ ಒಬ್ಬ ಹುಡುಗಿಯು ಎದ್ದುನಿಂತು, “ಟೀಚರ್, ನಮ್ಮ ತಾಯಿ ಅಲ್ಲೇ ಬಟ್ಟೆ ಒಗೆಯುತ್ತಾರೆ. ಬೆಳಗಿನ ಜಾವ ತೊಟ್ಟಿಯ ನೀರು ಬಿಟ್ಟಾಗ ಹಳ್ಳವೆಲ್ಲ ಹುಳಿನಾತ ಹೊಡೆಯುತ್ತದೆ, ಕೈ ತುರಿಸುತ್ತದೆ” ಎಂದಳು. ಮರುದಿನ ಹೊತ್ತು ಮೂಡುವ ಮುನ್ನವೇ ಹೋಗಿ ನೋಡಿದೆವು. ಅವಳ ಮಾತು ನಿಜವಾಗಿತ್ತು. ಹಲಗೆಯ ಮೇಲಣ ವಾಕ್ಯವನ್ನು ಅವಳ ಕೈಯಿಂದಲೇ ಅಳಿಸಿದೆವು.

ಸೀಸೆಯಲ್ಲಿರುವ ನೀರು ತನ್ನನ್ನು ತುಂಬಿದ ಗಳಿಗೆಯ ಮಾತನ್ನು ಮಾತ್ರ ಹೇಳಬಲ್ಲದು. ಕಾರ್ಖಾನೆಯ ಕೊಳೆನೀರು ಹಗಲಿರುಳು ಒಂದೇ ತೆರನಾಗಿ ಹರಿಯುವುದಿಲ್ಲ. ಆದಕಾರಣ ಅನುಭವಿಗಳು ಗಂಟೆಗೊಮ್ಮೆ ನೀರನ್ನು ತೆಗೆದು, ಆಯಾ ಹೊತ್ತಿನ ಹರಿವು ಎಷ್ಟೋ ಅಷ್ಟಕ್ಕೆ ತಕ್ಕ ಪಾಲನ್ನು ಕೂಡಿಸಿ, ಇಡೀ ದಿನದ ಮಾದರಿಯನ್ನು ಸಿದ್ಧಪಡಿಸುತ್ತಾರೆ. ಒಮ್ಮೆಲೇ ಬಿಟ್ಟ ವಿಷವನ್ನು ಹಿಡಿಯಬೇಕಾದರೆ ಆ ಗಳಿಗೆಯ ಒಂದೇ ಮಾದರಿಯು ಬೇಕಾಗುವುದು.

ಸ್ಥಳವನ್ನೂ ವಿವೇಚನೆಯಿಂದ ಆರಿಸತಕ್ಕದ್ದು. ಕೊಳೆನೀರು ಹೊರಬೀಳುವ ಬಾಯಿ, ಅದಕ್ಕಿಂತ ಮೇಲಿನ ಹೊಳೆ, ಎರಡೂ ಚೆನ್ನಾಗಿ ಬೆರೆತ ಕೆಳಗಿನ ಹೊಳೆ, ಈ ಮೂರು ಕಡೆಗಳಲ್ಲಿಯೂ ನೀರನ್ನು ತೆಗೆಯಬೇಕು. ಮೇಲಿನ ನೀರನ್ನು ನೋಡದಿದ್ದರೆ, ಮೇಲೂರಿನವರ ಕೊಳೆಯನ್ನು ಕೆಳಗಿನ ಕಾರ್ಖಾನೆಯ ಮೇಲೆ ಹೊರಿಸಿದ ಅನ್ಯಾಯವಾದೀತು. ಸೀಸೆಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು, ಮೇಲಣ ತೇಲುಕಸವೂ ತಳದ ಕೆಸರೂ ಸೇರದಂತೆ ತುಂಬಬೇಕು.

ತುಂಬಿದ ಮೇಲೂ ನೀರು ಸುಮ್ಮನಿರುವುದಿಲ್ಲ. ಅದರೊಳಗಿನ ಸೂಕ್ಷ್ಮಜೀವಿಗಳು ಉಣ್ಣುತ್ತಲೇ ಇರುತ್ತವೆ. ಆದುದರಿಂದ ಶಾಖವನ್ನೂ ಆಮ್ಲಕ್ಷಾರಗಳ ಅಳತೆಯನ್ನೂ ಅಲ್ಲಿಯೇ ನೋಡಿಕೊಂಡು, ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟು, ಬೆಳಕು ತಾಗದಂತೆ ಬೇಗನೆ ಪರೀಕ್ಷಾಶಾಲೆಗೆ ಸಾಗಿಸುತ್ತಾರೆ. ಅಲ್ಲಿ 27 ಡಿಗ್ರಿ ಶಾಖದಲ್ಲಿ 3 ದಿನಗಳವರೆಗೆ ಇಟ್ಟು, ಆ ಜೀವಿಗಳು ಎಷ್ಟು ಆಮ್ಲಜನಕವನ್ನು ಬಳಸಿದವೆಂದು ಅಳೆಯುತ್ತಾರೆ. ಇದಕ್ಕೆ ಬಿ.ಓ.ಡಿ. ಎಂದು ಹೆಸರು. ಹೊಳೆಗೆ ಬಿಡುವ ಕೊಳೆನೀರಿನಲ್ಲಿ ಇದು ಲೀಟರಿಗೆ 30 ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ಸಾಮಾನ್ಯ ನಿಯಮವಿದೆ. ಅದೇ ಶಾಖದ ಶುದ್ಧಜಲದಲ್ಲಿ ಕರಗಿರಬಲ್ಲ ಆಮ್ಲಜನಕವಾದರೋ ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ. ಹೀಗಿರಲು ಮಿತಿಯೊಳಗಿನ ಕೊಳೆನೀರು ಸಹ ಹಲವು ಪಾಲು ಒಳ್ಳೆಯ ನೀರನ್ನು ಬೇಡುತ್ತದೆ. ಬೇಸಗೆಯಲ್ಲಿ ಹೊಳೆಯು ಸೊರಗಿದಾಗ ಮೀನುಗಳು ಉಸಿರುಗಟ್ಟುವುದು ಇದರಿಂದಲೇ.

ಕಾನೂನು ಸಹ ಸೀಸೆಯನ್ನು ಸಾಕ್ಷಿಯಂತೆಯೇ ಕಾಣುತ್ತದೆ. 1974ರ ಜಲಮಾಲಿನ್ಯ ಕಾಯಿದೆಯ 21ನೆಯ ಕಲಮಿನಂತೆ, ಅಧಿಕಾರಿಯು ಕಾರ್ಖಾನೆಯವರಿಗೆ ಆಗಲೇ ತಿಳಿವಳಿಕೆಯನ್ನು ಕೊಟ್ಟು, ಅವರ ಮುಂದೆ ಮಾದರಿಯನ್ನು ಎರಡು ಭಾಗ ಮಾಡಿ, ಮುದ್ರೆಯೊತ್ತಿ, ಇಬ್ಬರೂ ರುಜು ಹಾಕತಕ್ಕದ್ದು. ಈ ಕ್ರಮವು ತಪ್ಪಿದರೆ ಪರೀಕ್ಷೆಯ ಫಲವು ನ್ಯಾಯಾಲಯದಲ್ಲಿ ನಿಲ್ಲದು. ಪಾನೀಯದ ಕಾರ್ಖಾನೆಯೊಂದರ ಮೊಕದ್ದಮೆಯಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಹೀಗೆಯೇ ತೀರ್ಮಾನಿಸಿತು. ಅದು 1986ರ ತೀರ್ಪುಗಳ ಸಂಪುಟದಲ್ಲಿ ಅಚ್ಚಾಗಿದೆ. ಆ ಕಾರ್ಖಾನೆಯವರು ಬೇರೆ ಪರೀಕ್ಷಾಶಾಲೆಯನ್ನು ಕೇಳಿಕೊಂಡಿದ್ದರೂ ಮಂಡಲಿಯು ತನ್ನ ಶಾಲೆಯಲ್ಲಿಯೇ ಪರೀಕ್ಷಿಸಿದ್ದಿತು. ಆದ್ದರಿಂದ ಆ ಸಾಕ್ಷ್ಯವು ತಳ್ಳಿಹೋಯಿತು.

ಇದು ದೂರದ ಮಾತೆಂದು ತಿಳಿಯಬೇಡಿರಿ. ಹರಿಹರದ ಎದುರುದಡದ ಕುಮಾರಪಟ್ಟಣದಲ್ಲಿ ಮರದ ತಿರುಳನ್ನು ಮಾಡುವ ಕಾರ್ಖಾನೆಯು 1970ರ ದಶಕದಲ್ಲಿ ಆರಂಭವಾಯಿತು. ತುಂಗಭದ್ರೆಯ ನೀರು ಕೆಟ್ಟಿತು, ಮೀನು ಸತ್ತವು ಎಂದು ಕೆಳಗಿನ ಹಳ್ಳಿಗಳವರು 1980ರ ದಶಕದಲ್ಲಿ ಮೊರೆಯಿಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಅವರೊಡನೆ ಚಳವಳಿಯನ್ನು ಹೂಡಿತು. ನಮ್ಮ ಸೊರಬ ಸೀಮೆಯ ದಂಡಾವತಿಯು ವರದೆಯನ್ನು ಕೂಡಿ, ವರದೆಯು ಮುಂದೆ ಹರಿದು, ಗಳಗನಾಥದಲ್ಲಿ ಅದೇ ತುಂಗಭದ್ರೆಯನ್ನು ಸೇರುತ್ತಾಳೆ. ಇಲ್ಲಿ ನಾವು ಹಳ್ಳಕ್ಕೆ ಬಿಟ್ಟದ್ದು ಅಲ್ಲಿನವರ ಕೊಡವನ್ನು ಮುಟ್ಟುತ್ತದೆ.

ಕಾಗದ, ಸಕ್ಕರೆ, ಮದ್ಯಸಾರ ಮೊದಲಾದ 17 ಬಗೆಯ ಕಾರ್ಖಾನೆಗಳು ಎಡೆಬಿಡದೆ ಅಳೆಯುವ ಯಂತ್ರಗಳನ್ನು ಇಡಬೇಕೆಂದು ಕೇಂದ್ರ ಮಂಡಲಿಯು 2014ರಲ್ಲಿ ಆಜ್ಞಾಪಿಸಿತು. ಇದು ಒಳ್ಳೆಯದೇ. ಆದರೆ ಯಂತ್ರವನ್ನು ಆಗಾಗ ತಿದ್ದಿ ಸರಿನೋಡದಿದ್ದರೆ ಅದೂ ಸುಳ್ಳು ಹೇಳುವುದು. ಸಣ್ಣ ಗಿರಣಿಗಳ ಹಳ್ಳಗಳಿಗಂತೂ ದಡದಲ್ಲಿ ಬಾಳುವವರ ಕಣ್ಣುಮೂಗುಗಳೇ ಕಾವಲು.

ನಮ್ಮ ಹುಡುಗಿಯರು ಆ ಹಳ್ಳವನ್ನು ಏಳು ದಿನ ಹೊತ್ತುಹೊತ್ತಿಗೆ ನೋಡಿ, ತಾರೀಖು, ಗಂಟೆ, ಬಣ್ಣ, ವಾಸನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಅದನ್ನು ನೋಡಿದ ಯಜಮಾನರು ಅಲ್ಲಗಳೆಯಲಿಲ್ಲ. ತೊಟ್ಟಿಯ ನೀರನ್ನು ಹಳ್ಳಕ್ಕೆ ಬಿಡುವುದನ್ನು ನಿಲ್ಲಿಸಿದರು. ನಮ್ಮ ಪುಸ್ತಕವು ನ್ಯಾಯಾಲಯದ ಸಾಕ್ಷ್ಯವಾಗಲಾರದು. ಆದರೂ ಯಾವ ಜಾಗಕ್ಕೆ, ಯಾವ ಹೊತ್ತಿಗೆ ಬಂದು ಸೀಸೆಯನ್ನು ತುಂಬಬೇಕೆಂದು ಅಧಿಕಾರಿಗಳಿಗೆ ತೋರಿಸಲು ಅದು ಸಾಕು. ಊರೂರಿಗೆ ಮದುವೆಯಾಗಿ ಹೋಗಿರುವ ನಮ್ಮ ಮಕ್ಕಳೇ, ನಿಮ್ಮ ಹೊಳೆಗೂ ಅಂಥದೊಂದು ಪುಸ್ತಕವನ್ನು ಇಡಿರಿ. ಬಟ್ಟೆ ಒಗೆಯುವ ತಾಯಿಯ ಮಾತನ್ನು ಅದರ ಮೊದಲನೆಯ ಪುಟದಲ್ಲಿ ಬರೆಯಿರಿ.