ಚಲಿಸುವ ಮನೆ ಮತ್ತು ಉಸಿರಿನ ಎಚ್ಚರ

ಮಕ್ಕಳ ಶಾಲೆಗೆ ರಜೆ ಬಂದೊಡನೆ ಮನೆಮಂದಿಯೆಲ್ಲ ಕೂಡಿ ನಾಲ್ಕು ದಿನ ಪ್ರವಾಸ ಹೊರಡುವುದು ನಮ್ಮ ಕುಟುಂಬಗಳಲ್ಲಿ ರೂಢಿಯಾಗಿದೆ. ಹಿಂದೆ ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವವರು ಬುತ್ತಿ, ಹಾಸಿಗೆ, ಪಾತ್ರೆಗಳನ್ನು ಜೊತೆಗೇ ಒಯ್ದು, ಮರದ ನೆರಳಿನಲ್ಲಿ ಬಂಡಿ ಬಿಟ್ಟು ತಂಗುತ್ತಿದ್ದರು. ಅಂಥ ಪ್ರವಾಸವೇ ಈಗ ಕ್ಯಾರವಾನ್ ಅಥವಾ ಮೋಟಾರ್‌ಹೋಮ್ ಎಂಬ ಹೊಸ ರೂಪದಲ್ಲಿ ಮರಳಿ ಬಂದಿದೆ. ಮಂಚ, ಒಲೆ, ಶೌಚಾಲಯಗಳಿರುವ ಈ ವಾಹನವು ವೃದ್ಧರಿಗೂ ಮಧುಮೇಹಿಗಳಿಗೂ ಅನುಕೂಲಕರವಾದುದು. ಹೊತ್ತಿಗೆ ಸರಿಯಾಗಿ ಮನೆಯ ಊಟ, ಔಷಧ, ವಿಶ್ರಾಂತಿ ದೊರೆಯುತ್ತವೆ. ಆದರೆ ಬಂಡಿಯಲ್ಲಿ ಮಲಗಿದವರಿಗೆ ಗಾಳಿಯ ಕೊರತೆಯಿರಲಿಲ್ಲ. ಇಲ್ಲಿ ಬಾಗಿಲು, ಕಿಟಕಿಗಳನ್ನು ಮುಚ್ಚಿದರೆ ಒಳಗಿನ ಗಾಳಿಯೇ ಗತಿ.

ನೆರೆಯ ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಜಾರಿಗೆ ತಂದಿತು. ಅದೇ ರಾಜ್ಯದ ವಡಕರದಲ್ಲಿ 2024ರ ಡಿಸೆಂಬರ್ ತಿಂಗಳಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ಮೈಮೇಲೆ ಗಾಯವಿರಲಿಲ್ಲ. ಜನರೇಟರ್‌ನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಅನಿಲವು ವಾಹನದೊಳಗೆ ಸೇರಿದ್ದೇ ಸಾವಿಗೆ ಕಾರಣವೆಂದು ತಜ್ಞರ ಪರಿಶೀಲನೆಯಿಂದ ತಿಳಿದುಬಂದಿತು.

ಈ ಅನಿಲದ ಸ್ವಭಾವ

ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಕಟ್ಟಿಗೆ, ಇದ್ದಿಲು ಇವುಗಳಲ್ಲಿ ಯಾವುದೇ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗುಗಳಿಗೆ ಉರಿಯೂ ಆಗುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಪ್ರಾಣ ಬಿಡಬಹುದು. ಮಕ್ಕಳು, ಗರ್ಭಿಣಿಯರು, ವೃದ್ಧರು ಮತ್ತು ಹೃದ್ರೋಗಿಗಳಿಗೆ ಅಪಾಯ ಹೆಚ್ಚು.

ಲಕ್ಷಣಗಳು

ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಎದೆನೋವು, ಮಂಕು ಕವಿಯುವುದು ಮುಖ್ಯ ಲಕ್ಷಣಗಳು. ಪ್ರವಾಸದಲ್ಲಿ ಇವನ್ನು ದಾರಿಯ ಆಯಾಸ, ಪಿತ್ತ ಅಥವಾ ಅಜೀರ್ಣವೆಂದು ಭಾವಿಸುವುದು ಸಹಜ. ಆದರೆ ಮೂರು ಸುಳಿವುಗಳನ್ನು ನೆನಪಿನಲ್ಲಿಡಬೇಕು: ಜ್ವರವಿರುವುದಿಲ್ಲ, ಒಳಗಿರುವ ಹಲವರಿಗೆ ಒಮ್ಮೆಗೇ ತೊಂದರೆ ಕಾಣುತ್ತದೆ, ಹೊರಗಿನ ಗಾಳಿಗೆ ಬಂದರೆ ಕಡಿಮೆಯಾಗುತ್ತದೆ.

ಮುಂಜಾಗ್ರತೆಗಳು

1. ಎಂಜಿನ್ ಅಥವಾ ವಾಹನದಲ್ಲಿಯೇ ಅಳವಡಿಸಿದ ಜನರೇಟರ್ ಚಾಲನೆಯಲ್ಲಿರುವಾಗ, ಎ.ಸಿ.ಗಾಗಿ ಎಂದಾದರೂ, ಒಳಗೆ ಮಲಗಬಾರದು. ರಾತ್ರಿ ತಂಗಲು ವಿದ್ಯುತ್ ಸಂಪರ್ಕವಿರುವ ಸ್ಥಳವನ್ನೇ ಆರಿಸಿಕೊಳ್ಳಬೇಕು.

2. ಹೊರಗಿಡುವ ಜನರೇಟರ್ ಬಾಗಿಲು, ಕಿಟಕಿಗಳಿಂದ ಕನಿಷ್ಠ 20 ಅಡಿ ದೂರವಿರಲಿ. ಅದರ ಹೊಗೆಕೊಳವೆ ವಾಹನದ ಕಡೆಗೆ ತಿರುಗಿರಬಾರದು.

3. ಬೆಟ್ಟದೂರುಗಳ ಚಳಿಯಲ್ಲಿ ಬೆಚ್ಚಗಾಗಲೆಂದು ಕೆಂಡದ ಅಗ್ಗಿಷ್ಟಿಕೆಯನ್ನು ವಾಹನದೊಳಗಾಗಲಿ ಡೇರೆಯೊಳಗಾಗಲಿ ತರಲೇಬಾರದು. ಹೊಗೆಯಾಡದ, ಬೂದಿ ಮುಚ್ಚಿದ ಕೆಂಡವೂ ಈ ಅನಿಲವನ್ನು ಬಿಡುತ್ತದೆ. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೆ ಸಾಕೆಂಬುದು ತಪ್ಪು ತಿಳಿವಳಿಕೆ. ಕಂಬಳಿ, ಉಣ್ಣೆಯ ಉಡುಪುಗಳೇ ಕ್ಷೇಮ.

4. ಅಡುಗೆ ಒಲೆಯನ್ನು ಚಳಿ ಕಾಯಿಸಲು ಬಳಸಬಾರದು. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ. ಗಾಳಿಗಂಡಿಗಳಿಗೆ ಬಟ್ಟೆ ತುರುಕಬಾರದು. ಮಲಗುವ ಮುನ್ನ ಸಿಲಿಂಡರಿನ ಕೀಲಿಯನ್ನು ಮುಚ್ಚಬೇಕು.

5. ವಾಹನವನ್ನು ಬಾಡಿಗೆಗೆ ಪಡೆಯುವಾಗ ಹಾಸಿಗೆ, ಟಿ.ವಿ.ಗಳನ್ನು ನೋಡುವಂತೆಯೇ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆ ಇದೆಯೇ ಎಂದು ಕೇಳಿ, ಗುಂಡಿ ಒತ್ತಿ ಪರೀಕ್ಷಿಸಬೇಕು. ಹೊಗೆಯನ್ನು ಪತ್ತೆಹಚ್ಚುವ ಗಂಟೆ ಬೇರೆ, ಇದು ಬೇರೆ.

ತೊಂದರೆ ಕಂಡಾಗ

ಮೊದಲು ಎಲ್ಲರೂ ಹೊರಗಿನ ಗಾಳಿಗೆ ಬರಬೇಕು. ಕಾರಣ ಹುಡುಕುತ್ತ ಒಳಗೆ ನಿಲ್ಲಬಾರದು. ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಬೇಕು. ಉಸಿರಾಟ ನಿಂತಿದ್ದರೆ, ಬಲ್ಲವರು ಎದೆಯೊತ್ತುವ ಪ್ರಥಮ ಚಿಕಿತ್ಸೆಯನ್ನು ಹೊರಗೆ ತಂದೊಡನೆ ಆರಂಭಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ಅನಿಲವನ್ನು ಆಮ್ಲಜನಕದಿಂದ ಬೇರ್ಪಡಿಸಿ ಗುರುತಿಸಲಾರದು. ಅದು 98 ತೋರಿಸಿದರೂ ನಿಶ್ಚಿಂತರಾಗಬಾರದು. ಸಾಮಾನ್ಯ ಗಾಳಿಯಲ್ಲಿ ರಕ್ತದೊಳಗಿನ ಈ ಅನಿಲ ಅರ್ಧಕ್ಕಿಳಿಯಲು ಸುಮಾರು 4ರಿಂದ 5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ನೀಡಿದರೆ ಒಂದೂವರೆ ಗಂಟೆಯ ಆಸುಪಾಸು ಸಾಕು. ಆದ್ದರಿಂದ ಹೊರಗೆ ಬಂದು ಚೇತರಿಸಿಕೊಂಡಂತೆ ಕಂಡವರನ್ನೂ ವೈದ್ಯರಿಗೆ ತೋರಿಸಬೇಕು. ನೆನಪಿನ ಶಕ್ತಿ ಕುಂದುವಂಥ ತೊಂದರೆಗಳು ಕೆಲವು ವಾರಗಳ ನಂತರವೂ ತಲೆದೋರಬಹುದು.

ಹಗಲೆಲ್ಲ ಬೆಟ್ಟ, ಹೊಳೆಗಳನ್ನು ನೋಡಿ ದಣಿದ ಮಕ್ಕಳು ಅಜ್ಜಿಯ ಮಗ್ಗುಲಲ್ಲಿ ನಿದ್ರೆ ಹೋಗುತ್ತಾರೆ. ಆ ಹೊತ್ತಿಗೆ ಮನೆಯ ಹಿರಿಯರೊಬ್ಬರು ಒಮ್ಮೆ ಎದ್ದು ಎಂಜಿನ್ ಆರಿದೆಯೇ, ಸಿಲಿಂಡರ್ ಮುಚ್ಚಿದೆಯೇ, ಗಾಳಿಗಂಡಿ ತೆರೆದಿದೆಯೇ ಎಂದು ನೋಡಿ ಬರಲಿ. ಎರಡು ನಿಮಿಷದ ಈ ಕೆಲಸವು ಇಡೀ ಕುಟುಂಬದ ಬೆಳಗನ್ನು ಕಾಯುತ್ತದೆ.