ಯೂಟ್ಯೂಬ್ ನೋಡಿ ಅಪ್ಪ ಮಾತ್ರೆ ಬಿಟ್ಟರು

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ರಾತ್ರಿ ಅಟೊರ್ವಾಸ್ಟಾಟಿನ್, ಬೆಳಿಗ್ಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಕೊಟ್ಟಿದ್ದಾರೆ. ‘ಕೊಲೆಸ್ಟ್ರಾಲ್ ಮಾತ್ರೆಯಿಂದ ಮಾಂಸಖಂಡ ಹಾಳಾಗುತ್ತೆ, ಸಕ್ಕರೆ ಕಾಯಿಲೆ ಬರುತ್ತೆ’ ಎಂಬ ವಿಡಿಯೊ ನೋಡಿ ರಾತ್ರಿಯ ಮಾತ್ರೆ ಬಿಟ್ಟಿದ್ದಾರೆ. ತೊಡೆ ನೋವು ಕಡಿಮೆಯಾಗಿದೆಯಂತೆ. ಡಾಕ್ಟರಿಗೆ ಹೇಳಲು ಸಂಕೋಚ. ನಾನೂ ಇಂಟರ್ನೆಟ್‌ನಲ್ಲಿ ಹುಡುಕಿದೆ, ಒಂದೊಂದು ಕಡೆ ಒಂದೊಂದು ಥರ ಬರೆದಿದೆ. ಯಾವುದನ್ನು ನಂಬಲಿ?
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಬೆಳಗಿನ ಮಾತ್ರೆಗಳ ಸ್ಟ್ರಿಪ್ ತೆಗೆದು ಎಣಿಸಿ. ಒಂದನ್ನು ಬಿಟ್ಟವರು ಹಲವು ಸಲ ಎಲ್ಲವನ್ನೂ ಬಿಟ್ಟಿರುತ್ತಾರೆ, ಮನೆಯವರಿಗೆ ಹೇಳಿರುವುದಿಲ್ಲ. ಸ್ಟೆಂಟ್ ಹಾಕಿ ವರ್ಷ ತುಂಬುವ ಮೊದಲೇ ಆ ಎರಡನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಪ್ರಾಣಕ್ಕೆ ಕುತ್ತು. ನಿಲ್ಲಿಸಿದ್ದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ.

ಇನ್ನು ಆ ವಿಡಿಯೊ. ಅದರಲ್ಲಿರುವುದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಅಪಾಯ. ಅಟೊರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆಗಳಿಂದ ಸ್ನಾಯುಗಳಿಗೆ ತೊಂದರೆಯಾಗುವುದುಂಟು, ಸಕ್ಕರೆ ಕಾಯಿಲೆ ಬರುವುದೂ ಉಂಟು. ಆದರೆ ಎಷ್ಟು ಜನರಲ್ಲಿ? 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ದೊಡ್ಡ ಸಮೀಕ್ಷೆಯ ಲೆಕ್ಕ ಹೀಗಿದೆ: ಈಗಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇರುವ 10,000 ಮಂದಿ ಐದು ವರ್ಷ ಈ ಮಾತ್ರೆ ನುಂಗಿದರೆ ಸುಮಾರು 1,000 ಮಂದಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಆಘಾತ ತಪ್ಪುತ್ತದೆ. ಸ್ನಾಯುವಿನ ಗಂಭೀರ ತೊಂದರೆ ಸುಮಾರು 5 ಮಂದಿಗೆ, ಹೊಸದಾಗಿ ಮಧುಮೇಹ 50ರಿಂದ 100 ಮಂದಿಗೆ. ವಿಡಿಯೊದವರು ಆ ಐದು ಮಂದಿಯ ಕಥೆ ಹೇಳಿ ಸಾವಿರ ಮಂದಿಯನ್ನು ನುಂಗಿಹಾಕಿದರು. ಇಂಟರ್ನೆಟ್‌ನಲ್ಲಿ ಏನೇ ಓದಿ, ‘ಎಷ್ಟರಲ್ಲಿ ಎಷ್ಟು?’ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಪುಟ ಮುಚ್ಚಿ.

ತೊಡೆ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ವರ್ಷ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧವಿಲ್ಲದ ಮಾತ್ರೆ ಕೊಟ್ಟರು, ಕೆಲವು ತಿಂಗಳು ಏನೂ ಕೊಡಲಿಲ್ಲ. ಅವರು ಅನುಭವಿಸಿದ ತೊಂದರೆಯ ಸುಮಾರು ಶೇ 90ರಷ್ಟು ಔಷಧವಿಲ್ಲದ ಮಾತ್ರೆಯಲ್ಲೂ ಬಂತು. ನೋವು ನಿಜವೇ, ಕಾರಣ ಮಾತ್ರ ಬೇರೆ. ಫಲಿತಾಂಶ ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರುಮಾಡಿದರು. ನಿಮ್ಮ ತಂದೆಯ ನೋವು ಮಾತ್ರೆಯಿಂದ ಬಂದದ್ದೋ ಅಲ್ಲವೋ ಎಂದು ಗೂಗಲ್ ಹೇಳಲಾರದು, ಈಗ ಎಲ್ಲರೂ ಕೇಳುವ ಎಐ ಕೂಡ ಹೇಳಲಾರದು. ವೈದ್ಯರು ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಬೇಕಿದ್ದರೆ ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ ಸೇರಿಸಬಹುದು. ದಾರಿಗಳಿವೆ. ನೋವಿನ ಜೊತೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ವಿಡಿಯೊವನ್ನು ಕೊನೆಯವರೆಗೂ ನೋಡಿದಿರಾ? ಕೊನೆಗೆ ಯಾವುದೋ ಪುಡಿಯೋ ಕಷಾಯವೋ ಮಾರಾಟಕ್ಕೆ ಬಂದೇ ಬರುತ್ತದೆ. ಹೃದ್ರೋಗ, ಮಧುಮೇಹ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು ನಮ್ಮಲ್ಲಿ 1954ರ ಕಾಯ್ದೆಯೇ ನಿಷೇಧಿಸಿದೆ. ಓದಲೇಬೇಕೆಂದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಇದೆ. ಏನನ್ನೂ ಮಾರುವುದಿಲ್ಲ, ಇಂಗ್ಲಿಷ್ ಸರಳವಾಗಿದೆ.

ಸಂಕೋಚದ ವಿಚಾರ: ಗೂಗಲ್ ಎಂದ ಕೂಡಲೇ ಸಿಡುಕುವ ವೈದ್ಯರಿದ್ದಾರೆ, ನಿಜ. ‘ವಿಡಿಯೊದಲ್ಲಿ ಹೀಗಂದ್ರು ಡಾಕ್ಟ್ರೇ’ ಎಂದು ಶುರುಮಾಡುವ ಬದಲು ‘ತೊಡೆ ನೋವು ಬಂತು, ಇಂಥ ದಿನದಿಂದ ಮಾತ್ರೆ ನಿಲ್ಲಿಸಿದ್ದೇವೆ’ ಎನ್ನಿ. ದಿನಾಂಕ ಚೀಟಿಯ ಹಿಂದೆ ಬರೆದುಕೊಂಡು ಹೋಗಿ.

ಪ್ರಶ್ನೆ: ನನಗೆ 29 ವರ್ಷ. ತಲೆನೋವೆಂದು ಹುಡುಕಿದರೆ ಬ್ರೈನ್ ಟ್ಯೂಮರ್ ಎಂದು ಬರುತ್ತದೆ. ಎಂಆರ್‌ಐ ಮಾಡಿಸಲೇ?
– ಓದುಗರು, ಹಾಸನ

ಉತ್ತರ: ಈಗಲೇ ಬೇಡ. ಏಕಾದಶಿ ದಿನ ಕಾಫಿ ಬಿಟ್ಟವರಿಗೂ ತಲೆ ಸಿಡಿಯುತ್ತದೆ. ಅಪರೂಪದ ಕಾಯಿಲೆಯ ಬಗ್ಗೆ ಬರೆದ ಪುಟಗಳು ಹೆಚ್ಚಿದ್ದರೆ ಸರ್ಚ್‌ನಲ್ಲಿ ಅದೇ ಮೇಲೆ ಬರಬಹುದು, ಅದು ಎಷ್ಟು ಜನರಿಗೆ ಬರುತ್ತದೆ ಎಂಬ ಲೆಕ್ಕ ಅಲ್ಲಿರುವುದಿಲ್ಲ. ಹತ್ತಿರದ ವೈದ್ಯರಲ್ಲಿ ಬಿಪಿ ನೋಡಿಸಿ, ಕಣ್ಣು ಪರೀಕ್ಷೆ ಮಾಡಿಸಿ. ಆದರೆ ಎಂದೂ ಕಾಣದಂಥ ತಲೆನೋವು ಏಕಾಏಕಿ ಬಂದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಕೈಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ಫೋನ್ ತೆಗೆಯುವುದು ಹುಡುಕಲಿಕ್ಕಲ್ಲ, 108ಕ್ಕೆ ಕರೆ ಮಾಡಲಿಕ್ಕೆ.